ಬಾಮೈದನ ಜೆಸಿಬಿ

ಹೋದ ತಿಂಗಳು ನಮ್ಮ ಬೀದಿಯಲ್ಲಿ ಚರಂಡಿ ಕೆಲಸ ನಡೆಯಿತು. ಚೆನ್ನಾಗಿದ್ದ ಸ್ಲ್ಯಾಬ್‌ಗಳನ್ನೇ ಕಿತ್ತು ಹೊಸದು ಹಾಕಿದರು. ಮೂಲೆಯಲ್ಲಿ ಕಾಮಗಾರಿ ಬೋರ್ಡ್ ನೆಟ್ಟಿದ್ದರು. ಅಂದಾಜು ಮೊತ್ತದ ಮುಂದೆ ಖಾಲಿ. ಗುತ್ತಿಗೆದಾರರ ಹೆಸರಿನ ಮುಂದೆಯೂ ಖಾಲಿ. ಬೋರ್ಡ್ ಹೇಳದಿದ್ದನ್ನು ಜೆಸಿಬಿ ಹೇಳುತ್ತಿತ್ತು. ಹಿಂದಿನ ಗಾಜಿನ ಮೇಲೆ ನಮ್ಮ ಮಾಜಿ ಕಾರ್ಪೊರೇಟರ್ ಫೋಟೊ, ಅದರ ಕೆಳಗೆ 'ಅಭಿಮಾನಿ ಬಳಗ'.

ಆಪರೇಟರ್ ಹುಡುಗ ಟೀ ಕುಡಿಯೋಕೆ ಇಳಿದಾಗ "ಗಾಡಿ ಯಾರದಪ್ಪಾ?" ಅಂತ ಕೇಳಿದೆ. "ಅಣ್ಣನ ಬಾಮೈದಂದು ಸಾರ್" ಅಂದ. ಗುಟ್ಟು ಬಿಟ್ಟುಕೊಡುವ ಧ್ವನಿಯೇ ಅಲ್ಲ. ಅದರಲ್ಲಿ ಮುಚ್ಚಿಡುವಂಥದ್ದೇನಿದೆ ಅನ್ನೋ ಥರ.

ನಾವು ಭ್ರಷ್ಟಾಚಾರ ಅಂದರೆ ಪರ್ಸೆಂಟೇಜ್ ಮಾತ್ರ ಮಾತಾಡುತ್ತೇವೆ. ಕಾಮಗಾರಿ ಹಣದಲ್ಲಿ ಕಮಿಷನ್ ಕೇಳುತ್ತಾರೆ ಅಂತ 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘ ಪ್ರಧಾನಿಗೇ ಪತ್ರ ಬರೆದ ಮೇಲೆ '40 ಪರ್ಸೆಂಟ್' ಅನ್ನೋದು ಚಿಕ್ಕ ಮಕ್ಕಳ ಬಾಯಿಗೂ ಬಂತು. ಆದರೆ ಯೋಚನೆ ಮಾಡಿ, ಅಲ್ಲಿ ಕೊಡುವವನು ಒಬ್ಬ, ತೆಗೆದುಕೊಳ್ಳುವವನು ಇನ್ನೊಬ್ಬ. ಕೊಡುವವನಿಗೆ ಹೊಟ್ಟೆ ಉರಿದಾಗ ಪತ್ರ ಬರೆದ. ಕೊಡುವವನೂ ತೆಗೆದುಕೊಳ್ಳುವವನೂ ಒಂದೇ ಮನೆಯವರಾದರೆ? ದೂರು ಕೊಡುವವರು ಯಾರು? ಪೇಪರ್‌ನವರು ಇದಕ್ಕೆ 'ಹಿತಾಸಕ್ತಿ ಸಂಘರ್ಷ' ಅಂತ ಬರೆಯುತ್ತಾರೆ. ಸಂಘರ್ಷ ಎಲ್ಲಿದೆ ಸ್ವಾಮಿ? ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂತಾರೆ.

ಕಾನೂನು ಇಲ್ಲ ಅಂತಲ್ಲ. 1976ರ ಪೌರ ನಿಗಮಗಳ ಕಾಯ್ದೆಯ 26ನೇ ಸೆಕ್ಷನ್ ಸ್ಪಷ್ಟವಾಗಿದೆ. ಪಾಲಿಕೆಯ ಕೆಲಸದಲ್ಲಿ, ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಇದ್ದರೆ ಸದಸ್ಯತ್ವವೇ ಹೋಗುತ್ತದೆ. ಸುಮ್ನೆ ಪುಸ್ತಕದಲ್ಲಿ ಇರೋದಲ್ಲ. ಬೆಳಗಾವಿಯ ತಿನಿಸು ಕಟ್ಟೆಯ ಕಥೆ ನೆನಪಿದೆಯಾ? ಇಬ್ಬರು ಕಾರ್ಪೊರೇಟರ್‌ಗಳ ಹೆಂಡತಿಯರ ಹೆಸರಲ್ಲಿ ಅಲ್ಲಿ ಮಳಿಗೆ ಇವೆ ಅಂತ ಒಬ್ಬರು ದೂರು ಕೊಟ್ಟರು. 2025ರ ಫೆಬ್ರುವರಿಯಲ್ಲಿ ಪ್ರಾದೇಶಿಕ ಆಯುಕ್ತರು ಇಬ್ಬರ ಸದಸ್ಯತ್ವವನ್ನೂ ರದ್ದು ಮಾಡಿದರು. ಆಮೇಲೆ ಸರ್ಕಾರ, ಹೈಕೋರ್ಟ್ ಅಂತ ಓಡಾಟ ಶುರುವಾಯಿತು. ಆ ಓಡಾಟ ಮುಗಿಯುವ ಮೊದಲೇ, ಮುಂದಿನ ತಿಂಗಳೇ ಆ ಇಬ್ಬರಲ್ಲಿ ಒಬ್ಬರು ಮೇಯರ್ ಆದರು. ಕೋಟಿಗಟ್ಟಲೆ ರಸ್ತೆ ಕಾಮಗಾರಿಯಲ್ಲ ನೋಡಿ, ತಿಂಡಿ ಅಂಗಡಿ ಮಳಿಗೆ. ಸಿಕ್ಕಿಬಿದ್ದಿದ್ದು ಅದು. ಯಾಕಂದರೆ ಹೆಸರು ಹೆಂಡತಿಯದು, ಕಾಗದದ ಮೇಲಿತ್ತು. ಬಾಮೈದನ ಹೆಸರು ಯಾವ ಕಾಗದದಲ್ಲಿ ಹುಡುಕೋದು? ಕಾರ್ಪೊರೇಟರ್‌ಗಳು ವರ್ಷಾವರ್ಷ ಆಸ್ತಿ ವಿವರ ಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಬಾಮೈದನ ಜೆಸಿಬಿ ಅದರಲ್ಲಿ ಬರುವುದಿಲ್ಲ ಬಿಡಿ.

ಬೆಳಗಾವಿಯಲ್ಲಿ ಸದಸ್ಯತ್ವ ಕಳೆಯೋಕಾದರೂ ಸದಸ್ಯರಿದ್ದರು. ಬೆಂಗಳೂರಲ್ಲಿ ನಾವು ಪಾಲಿಕೆಗೆ ಕೊನೆಗೆ ಓಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಆ ಕೌನ್ಸಿಲ್ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನ ಹೇಳಿದರೂ ಐದು ವರ್ಷ ಆಡಳಿತಾಧಿಕಾರಿಗಳ ಕೈಲೇ ಕಳೆಯಿತು. ಅಷ್ಟರಲ್ಲಿ 198 ವಾರ್ಡ್ 243 ಆಯಿತು, ಆಮೇಲೆ 225 ಆಯಿತು, 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಬಂತು, ವಾರ್ಡ್ 369ಕ್ಕೆ ಏರಿತು. ವಾರ್ಡ್ ಗೆರೆ ಎಳೆದದ್ದೇ ಎಳೆದದ್ದು. ಕೆಲಸ, ಬಿಲ್ಲು ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ನಮ್ಮ ಅಣ್ಣ ಈಗ ಕಾರ್ಪೊರೇಟರ್ ಅಲ್ಲ, ಹಾಗಾಗಿ ಸದಸ್ಯತ್ವ ಕಳೆಯುವ ಕಾನೂನು ಅವರನ್ನು ಮುಟ್ಟೋದೇ ಇಲ್ಲ. ಇಂಜಿನಿಯರ್ ಮೊದಲು ಫೋನ್ ಮಾಡುವುದು ಈಗಲೂ ಅವರಿಗೇ. ಅಧಿಕಾರ ಇದೆ, ಹುದ್ದೆ ಇಲ್ಲ. ಇದಕ್ಕಿಂತ ಆರಾಮಾದ ಕುರ್ಚಿ ಬೇರೆ ಯಾವುದಿದೆ?

ನಮ್ಮ ತಾತ ಊರಲ್ಲಿ ಅರಳಿಕಟ್ಟೆ ಪಂಚಾಯಿತಿಗೆ ಕೂರುತ್ತಿದ್ದರು. ಒಂದು ಸಲ ಬದುವಿನ ಜಗಳ ಬಂತು. ಒಂದು ಕಡೆ ಅತ್ತೆಯ ಮನೆಯವರು. ತಾತ ಟವಲ್ ಒದರಿ ಹೆಗಲಿಗೆ ಹಾಕಿಕೊಂಡು, "ಇದು ನಮ್ಮ ಬೀಗರದು, ನಾನು ಕೂರಕ್ಕಿಲ್ಲ" ಅಂತ ಎದ್ದು ಮನೆಗೆ ಬಂದರು. ತಾತ ದೊಡ್ಡ ಸಾಚಾ ಅಂತ ಹೇಳುತ್ತಿಲ್ಲ. ಬೇರೆ ವಿಷಯಗಳಲ್ಲಿ ಮಹಾ ಪಕ್ಷಪಾತಿ. ಆದರೆ ಎದ್ದು ಬರದಿದ್ದರೆ ಊರವರು ಮುಖಕ್ಕೇ ಕೇಳುತ್ತಿದ್ದರು. ನನ್ನ ಆಸೆಯೂ ಅಷ್ಟೇ. ವಾರ್ಡ್ ಸಮಿತಿಯಲ್ಲಿ ಕೆಲಸದ ಪಟ್ಟಿ ಓದುವಾಗ "ಇದರಲ್ಲಿ ನಮ್ಮವರಿದ್ದಾರೆ" ಅಂತ ಒಬ್ಬ ಎದ್ದು ಹೇಳಲಿ, ಅದನ್ನು ನಡಾವಳಿಯಲ್ಲಿ ಬರೆದುಕೊಳ್ಳಲಿ.

ಹಾಗಾದರೆ ನೀನೇ ಯಾಕೆ ಕೇಳಲಿಲ್ಲ ಅಂತೀರಾ? 2021ರ ಏಪ್ರಿಲ್‌ನಲ್ಲಿ ಅಪ್ಪನಿಗೆ ಆಕ್ಸಿಜನ್ ಇಳಿಯುತ್ತಿತ್ತು. ರಾತ್ರಿ ಒಂದೂವರೆಗೆ ಸಿಲಿಂಡರ್ ಕಳಿಸಿದ್ದು ಇದೇ ಅಣ್ಣ. ಒಂದು ರೂಪಾಯಿ ತಗೊಳ್ಳಲಿಲ್ಲ. ಅಪ್ಪ ಉಳಿದರು. ಈಗಲೂ ದಿನಾ ಬೆಳಿಗ್ಗೆ ಆ ಹೊಸ ಸ್ಲ್ಯಾಬ್ ಮೇಲೇ ವಾಕಿಂಗ್ ಹೋಗುತ್ತಾರೆ. ಹೀಗಿರುವಾಗ ಅಣ್ಣನ ಮನೆ ಬಾಗಿಲಿಗೆ ಹೋಗಿ ಚರಂಡಿ ಲೆಕ್ಕ ಕೇಳೋದು ಹೇಗೆ? ನಾಲಿಗೆಯೇ ಏಳಲಿಲ್ಲ. ಬೀದಿಯಲ್ಲಿ ಅರ್ಧ ಮನೆಗಳ ಕಥೆ ಇದೇ. ಒಬ್ಬರಿಗೆ ಸ್ಕೂಲ್ ಸೀಟು, ಇನ್ನೊಬ್ಬರಿಗೆ ಖಾತಾ. ನಮ್ಮ ಬಾಯಿ ಮುಚ್ಚಿಸೋಕೆ ಯಾರೂ ಹೆದರಿಸಬೇಕಾಗಿಲ್ಲ.

ಕೊನೆಗೆ ಕಳ್ಳದಾರಿ ಹಿಡಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಅರ್ಜಿ ಹಾಕಿದೆ. ನಮ್ಮ ಮನೆ ವಿಳಾಸ ಕೊಡದೆ ಆಫೀಸ್ ವಿಳಾಸ ಕೊಟ್ಟೆ, ಅದನ್ನೂ ಹೇಳಿಬಿಡುತ್ತೇನೆ. ಉತ್ತರ ಮೊನ್ನೆ ಬಂತು. ಎರಡು ಹಾಳೆ. ಗುತ್ತಿಗೆದಾರರ ಜಾಗದಲ್ಲಿ ಯಾವುದೋ ಎಂಟರ್‌ಪ್ರೈಸಸ್, ಕೇಳಿದ ಹೆಸರಲ್ಲ. ಕೆಳಗೆ ವಿಳಾಸ ಇತ್ತು. ಪ್ರತಿ ವರ್ಷ ಗಣೇಶನ ಚಂದಾ ಎತ್ತೋಕೆ ನಾವು ಮೊದಲು ಹೋಗುವ ಮನೆ.