ಕಣ್ಣಿಗೆ ಕಾಲು ಪಾಲು, ಕೆನ್ನೆಗೆ ಮುಕ್ಕಾಲು

ಅಮ್ಮನಿಗೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗೋ ಕಾಯಿಲೆ. ದಿನಾ ರಾತ್ರಿ ಎರಡೂ ಕಣ್ಣಿಗೆ ಒಂದೊಂದು ಹನಿ ಹಾಕೋ ಡ್ಯೂಟಿ ನನ್ನದು. ಕೆಳರೆಪ್ಪೆ ಎಳೆದು ಹಿಡಿದು, ಉಸಿರು ಬಿಗಿಹಿಡಿದು ಬಾಟಲಿ ಒತ್ತಿದರೆ ಬೀಳೋದು ಹನಿಯಲ್ಲ, ಚೊಂಬು ನೀರು! ಕೆನ್ನೆ ಮೇಲೆ ಹರಿದು ಕಿವಿ ಹತ್ತಿರ ಹೋಗುತ್ತೆ. "ನನ್ನ ಸೆರಗಿಗೆ ಮಾತ್ರ ಜನ್ಮದಲ್ಲಿ ಗ್ಲಾಕೋಮಾ ಬರಲ್ಲ ಬಿಡು" ಅಂತ ಅಮ್ಮ ಒರೆಸಿಕೊಳ್ತಾರೆ.

ಕಣ್ಣಲ್ಲಿ ಹಿಡಿಯೋದೇ ಹೆಚ್ಚೆಂದರೆ 30 ಮೈಕ್ರೋಲೀಟರ್ (ಒಂದು ಮಿ.ಲೀ.ಗೆ ಸಾವಿರ ಮೈಕ್ರೋಲೀಟರ್). ಒಂದು ಸಲ ರೆಪ್ಪೆ ಬಡಿದರೆ ಅದೂ 10ರ ಹತ್ತಿರ ಇಳಿಯುತ್ತೆ. ಬಾಟಲಿಯಿಂದ ಬೀಳೋದು ಮಾತ್ರ 40, ಕೆಲವೊಮ್ಮೆ 50. ಮಿಕ್ಕಿದ್ದು ಕೆನ್ನೆಗೆ, ಇಲ್ಲಾ ಮೂಗಿನೊಳಗಿಂದ ಗಂಟಲಿಗೆ. ಅದಕ್ಕೇ ಬಾಯೆಲ್ಲ ಕಹಿ. ಟಿಮೊಲಾಲ್ ಥರದ ಗ್ಲಾಕೋಮಾ ಔಷಧಿಯಾದರೆ ಹೀಗೆ ಒಳಗೆ ಸೇರಿ ನಾಡಿ ಬಡಿತವನ್ನೂ ತಗ್ಗಿಸಬಹುದು.

ಲೆಕ್ಕ ಹಾಕಿ. 2.5 ಮಿ.ಲೀ. ಬಾಟಲಿ, ಹನಿಗೆ 40 ಮೈಕ್ರೋಲೀಟರ್ ಅಂದರೆ 62 ಹನಿ. ತಿಂಗಳಿಗೆ ಬೇಕಾದ್ದು 60. ಅಂದರೆ ಇಡೀ ತಿಂಗಳಲ್ಲಿ ಎರಡೇ ಸಲ ಗುರಿ ತಪ್ಪಬಹುದು. ನಾನೇನು ಅರ್ಜುನನಾ? (ಅವನು ಹೊಡೆದದ್ದೂ ಕಣ್ಣಿಗೇ, ಆದರೆ ಆ ಹಕ್ಕಿ ರೆಪ್ಪೆ ಬಡೀತಿರಲಿಲ್ಲ.)

15 ಮೈಕ್ರೋಲೀಟರಿನ ಸಣ್ಣ ಹನಿಯೂ ಹೆಚ್ಚುಕಮ್ಮಿ ಅಷ್ಟೇ ಕೆಲಸ ಮಾಡುತ್ತೆ ಅಂತ ಪ್ರಯೋಗ ಮಾಡಿ ನೋಡಿದವರಿದ್ದಾರೆ. ಹಾಗಿದ್ದ ಮೇಲೆ ಬಾಟಲಿಯ ಮೂತಿ ಸಣ್ಣ ಮಾಡೋಕೆ ಏನ್ರೀ ಕಷ್ಟ? ಇವತ್ತಿನ್ನೂ 24ನೇ ತಾರೀಖು. ಬಾಟಲಿ ಆಗಲೇ ಬುಸ್ ಅಂತ ಬರೀ ಗಾಳಿ ಬಿಡ್ತಿದೆ.