ಹಾಡಿದವರ ಹೆಸರು ಹೇಳಿದ್ದರೆ ಏನು ಹೋಗುತ್ತಿತ್ತು?

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಇದು: "ನಿಮ್ಮ ಹೀರೋಗಳು ಹಾಡೋದಿಲ್ಲವಂತೆ, ಬರೀ ತುಟಿ ಆಡಿಸ್ತಾರಂತೆ?" ಮೋಸಕ್ಕೆ ಒಗ್ಗಿಹೋದ ಜನ ಅನ್ನುವ ಕನಿಕರ ಆ ದನಿಯಲ್ಲಿ ಇರುತ್ತದೆ. ಅದೇ ಜನ ಕಾರಿನಲ್ಲಿ ಹಳೆ ಹಾಡಿನ ಸ್ಟೇಷನ್ ಹಾಕಿಕೊಂಡು ‘ಶುಗರ್, ಶುಗರ್’ಗೆ ತಾಳ ಹಾಕುತ್ತಾರೆ. ಹಾಡಿದವರು ‘ದಿ ಆರ್ಚೀಸ್’ ಅಂತ ರೇಡಿಯೋ ಹೇಳುತ್ತದೆ. ಆರ್ಚೀಸ್ ಅಂದರೆ ಟಿವಿಯಲ್ಲಿ ಬರುತ್ತಿದ್ದ ಕಾರ್ಟೂನ್ ಪಾತ್ರಗಳು!

1969ರಲ್ಲಿ ನಾಲ್ಕು ವಾರ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ಆ ಹಾಡಿನ ಮುಖ್ಯ ದನಿ ರಾನ್ ಡಾಂಟೆ ಅವರದು. ನಡುವೆ ಹೆಣ್ಣು ದನಿಯಲ್ಲಿ ಒಂದು ಸಾಲು ಎದ್ದು ಬರುತ್ತದಲ್ಲ, ಅದು ಟೋನಿ ವೈನ್. ಇಬ್ಬರ ಹೆಸರೂ ರೆಕಾರ್ಡ್ ಮೇಲೆ ಇರಲಿಲ್ಲ. ಸಂಗೀತದ ಉಸ್ತುವಾರಿ ಹೊತ್ತಿದ್ದ ಡಾನ್ ಕಿರ್ಷ್ನರ್ ಅದಕ್ಕೆ ಮುಂಚೆ ಟಿವಿ ಧಾರಾವಾಹಿಗೆಂದೇ ಕಟ್ಟಿದ್ದ ‘ದಿ ಮಂಕೀಸ್’ ತಂಡದ ಹುಡುಗರ ಜೊತೆ ಜಗಳವಾಗಿ 1967ರಲ್ಲಿ ಹೊರಬಿದ್ದವರು. ನಮ್ಮ ಹಾಡಿಗೆ ನಾವೇ ನುಡಿಸುತ್ತೇವೆ ಅಂತ ಆ ಹುಡುಗರು ಹಟ ಹಿಡಿದಿದ್ದರು. ಕಾರ್ಟೂನ್ ಪಾತ್ರಗಳು ಹಟ ಹಿಡಿಯುವುದಿಲ್ಲ, ಹೆಸರು ಹಾಕಿ ಅಂತ ಕೇಳುವುದೂ ಇಲ್ಲ.

ಹಾಡಿದವರ ಕೆಲಸವಾದರೂ ಸಲೀಸಾದದ್ದೇ? ಮೊದಲು ವಾದ್ಯಗಳ ಟ್ರ್ಯಾಕ್ (ಟೇಪಿನ ಮೇಲೆ ಬೇರೆಬೇರೆಯಾಗಿ ಧ್ವನಿ ಹಿಡಿದಿಡುವ ಪಟ್ಟಿ), ಆಮೇಲೆ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಮುಖ್ಯ ದನಿ. ದನಿ ದಪ್ಪ ಬರಬೇಕೆಂದರೆ ಅದೇ ಸಾಲನ್ನು ಇನ್ನೊಂದು ಟ್ರ್ಯಾಕಿನಲ್ಲಿ ಮತ್ತೆ ಹಾಡಬೇಕು, ಉಸಿರು ತೆಗೆದುಕೊಳ್ಳುವ ಜಾಗವೂ ಬದಲಾಗದಂತೆ. ಎರಡರ ನಡುವೆ ಉಳಿಯುವ ಕೂದಲೆಳೆಯ ಅಂತರವೇ ದನಿಗೆ ತುಂಬು ಕೊಡುವುದು. ಅಂತರ ಹೆಚ್ಚಾದರೆ ಸಾಲಿನ ಕೊನೆಯ ‘ಸ್’, ‘ಟ್’ಗಳು ಎರಡೆರಡು ಸಲ ಕೇಳಿ ಚಿಟಪಟ ಅನ್ನುತ್ತವೆ. ಅದಕ್ಕೇ ಎರಡನೇ ಸಲ ಅವನ್ನು ಅರ್ಧಕ್ಕೇ ನುಂಗಿ ಹಾಡುವುದು. ದನಿ ನಡುಗಿಸಿದರೂ ಕೆಟ್ಟಿತು, ಎರಡು ನಡುಕ ಒಂದಕ್ಕೊಂದು ಕೂಡದೆ ಶ್ರುತಿಯೇ ಅಲುಗಿದಂತೆ ಕೇಳುತ್ತದೆ. ಒಂದೇ ಸಾಲನ್ನು ಮೂರು ಸ್ವರದಲ್ಲಿ ಒಟ್ಟಿಗೆ ಹಾಡುವ ಹಾರ್ಮನಿಯನ್ನು ಹೀಗೆ ಇಮ್ಮಡಿ ಮಾಡಿದರೆ ಆರು ದನಿ. ಎಂಟು ಟ್ರ್ಯಾಕಿನ ಟೇಪಿನಲ್ಲಿ ವಾದ್ಯಗಳಿಗೆ ಜಾಗ ಬಿಟ್ಟು ಅಷ್ಟಕ್ಕೆ ಎಡೆ ಎಲ್ಲಿ? ಆರನ್ನೂ ಬೆರೆಸಿ ಒಂದಕ್ಕೋ ಎರಡಕ್ಕೋ ಇಳಿಸಿಕೊಳ್ಳಬೇಕು. ಇಳಿಸಿದಾಗಲೆಲ್ಲ ಟೇಪಿನ ಸರ್ ಎನ್ನುವ ಸದ್ದು ಏರುತ್ತದೆ, ಒಂದು ದನಿ ಜೋರಾಗಿ ಸೇರಿಬಿಟ್ಟಿದ್ದರೆ ಆಮೇಲೆ ಬಿಡಿಸಲು ಬರುವುದಿಲ್ಲ.

ಅದೇ 1969ರಲ್ಲಿ ‘ಟ್ರೇಸಿ’ ಹಾಡಿನ ಅಷ್ಟೂ ದನಿಗಳನ್ನು ಡಾಂಟೆ ಒಬ್ಬರೇ ಹೀಗೆ ಪೇರಿಸಿದರು. ಹೆಸರು ಬಂದದ್ದು ‘ದಿ ಕಫ್ ಲಿಂಕ್ಸ್’ಗೆ. ಹಾಡುವ ಹೊತ್ತಿಗೆ ಅಂಥದ್ದೊಂದು ತಂಡವೇ ಇರಲಿಲ್ಲ. ಹಿಂದಿನ ವರ್ಷ ‘ಯಮ್ಮಿ ಯಮ್ಮಿ ಯಮ್ಮಿ’ ಹಾಡಿದ ಜೋಯಿ ಲೆವಿನ್ ಅವರದೂ ಇದೇ ಪಾಡು. ಊರೂರು ತಿರುಗಿ ಅದನ್ನು ಹಾಡಿದವರು ಬೇರೆ ಹುಡುಗರು. ಇಂಗ್ಲೆಂಡಿನ ಟೋನಿ ಬರೋಸ್ 1970ರಲ್ಲಿ ಒಬ್ಬರೇ ನಾಲ್ಕು ತಂಡಗಳ ಹಿಟ್‌ಗಳಲ್ಲಿ ಹಾಡಿದ್ದರು.

ನಮ್ಮಲ್ಲೂ ತುಟಿ ಒಬ್ಬರದು, ದನಿ ಇನ್ನೊಬ್ಬರದು. ರಾಜಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ವರ್ಷಗಟ್ಟಲೆ ಹಾಡಿದರು, ಯಾರಿಗೂ ಮೋಸ ಅನಿಸಲಿಲ್ಲ. ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಅಂತ ರೇಡಿಯೋದಲ್ಲಿ ಒಂದೇ ಉಸಿರಿಗೆ ಹೇಳುತ್ತಿದ್ದುದನ್ನು ಕೇಳಿ ಬೆಳೆದವರು ನಾವು. 1974ರಲ್ಲಿ ‘ಯಾರೇ ಕೂಗಾಡಲಿ’ಯನ್ನು ಅಣ್ಣಾವ್ರೇ ಹಾಡಿದಾಗ ಅದೊಂದು ಸಂಭ್ರಮವಾದದ್ದು, ಅಲ್ಲಿಯವರೆಗಿನ ದನಿ ಯಾರದೆಂದು ಮನೆಮನೆಗೂ ಗೊತ್ತಿದ್ದರಿಂದ. ಇಲ್ಲಿ ಅಮೆರಿಕದಲ್ಲಿ, ಬೇರೆಯವರ ದನಿಗೆ ತುಟಿ ಆಡಿಸಿದ್ದ ಮಿಲ್ಲಿ ವನಿಲ್ಲಿ ಜೋಡಿಯಿಂದ 1990ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೇ ವಾಪಸ್ ಪಡೆದರು. ಸಿಟ್ಟೆಲ್ಲ ತುಟಿ ಆಡಿಸಿದವರ ಮೇಲೆ! ಹಾಡಿದವರ ಹೆಸರು ಮುಚ್ಚಿಟ್ಟದ್ದೇ ನಿಜವಾದ ತಪ್ಪು ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಆದರೂ ಒಪ್ಪಿಕೊಳ್ಳಬೇಕಾದ್ದು ಇದೆ. 1949ರ ‘ಮಹಲ್’ ಚಿತ್ರದ ‘ಆಯೇಗಾ ಆನೇವಾಲಾ’ ರೆಕಾರ್ಡ್ ಮೇಲೆ ಇದ್ದದ್ದು ಪಾತ್ರದ ಹೆಸರು, ಕಾಮಿನಿ. ಕೇಳುಗರು ರೇಡಿಯೋ ಬೆನ್ನು ಬಿದ್ದ ಮೇಲೇ ಲತಾ ಮಂಗೇಶ್ಕರ್ ಹೆಸರು ಹೊರಬಂತು. ಹಾಡಿದವರಿಗೆ ರಾಯಲ್ಟಿಯ ಹಕ್ಕು ಭಾರತದ ಕಾಪಿರೈಟ್ ಕಾನೂನಿನಲ್ಲಿ ಸೇರಲು 2012ರ ತಿದ್ದುಪಡಿಯೇ ಬರಬೇಕಾಯಿತು. ಇನ್ನು ನಮ್ಮ ‘ಮತ್ತು ಸಂಗಡಿಗರು’! ಪಲ್ಲವಿಯನ್ನು ಎತ್ತಿ ಹಿಡಿದ ಕೋರಸ್ ದನಿಗಳನ್ನೆಲ್ಲ ಆ ಎರಡು ಪದಗಳಲ್ಲಿ ಮುಗಿಸಿ ಮುಂದಿನ ಹಾಡಿಗೆ ಹೋಗುತ್ತಿದ್ದರು, ಆಗ ನಮಗೂ ಏನೂ ಅನಿಸುತ್ತಿರಲಿಲ್ಲ. ರೇಡಿಯೋಗೆ ಸಮಯದ ಕೊರತೆ ಇತ್ತು ಅನ್ನೋಣ, ಈಗಿನ ಆ್ಯಪುಗಳಿಗೆ ಯಾವ ಕೊರತೆ? ಕಂಪನಿಗಳ ಹಳೆ ಕಾಗದಪತ್ರ ಎಲ್ಲಾದರೂ ಉಳಿದಿದ್ದರೆ ಆ ಸಂಗಡಿಗರ ಹೆಸರುಗಳನ್ನೂ ಹಾಡಿನ ಕೆಳಗೆ ಸೇರಿಸಲಿ, ಅವರಲ್ಲಿ ಕೆಲವರಾದರೂ ಓದುವಷ್ಟರಲ್ಲಿ.