ಊನಾಖ್ ಎಗಾಖ್ ಏಣಿನ ಮೇಲೊಂದು ಪ್ಯಾಂಟು

ಸ್ಕಾಟ್ಲೆಂಡಿಗೆ ಬಂದು ನೆಲೆಸಿದ ಎರಡನೆಯ ವರ್ಷ, ಗ್ಲೆನ್‌ಕೋ ಕಣಿವೆಯ ಉತ್ತರಕ್ಕೆ ಗೋಡೆಯಂತೆ ನಿಂತಿರುವ ಊನಾಖ್ ಎಗಾಖ್ ಏಣನ್ನು, ಎಂದರೆ ಬೆಟ್ಟದ ಕಿರಿದಾದ ನೆತ್ತಿಸಾಲನ್ನು, ದಾಟೋಣವೆಂದು ಮಂಗಳೂರಿನ ಗೆಳೆಯ ಹೇಳಿದಾಗ ನಾನು ಮೊದಲು ಕೇಳಿದ್ದು ಅದರ ಎತ್ತರವನ್ನು. ಎಲ್ಲಕ್ಕಿಂತ ಎತ್ತರದ ಶಿಖರವೇ 967 ಮೀಟರ್ ಎಂದ. 1712 ಮೀಟರಿನ ಕುಮಾರಪರ್ವತವನ್ನು ಕಾಲೇಜಿನ ದಿನಗಳಲ್ಲೇ ಹತ್ತಿ, ನಡುದಾರಿಯ ಭಟ್ಟರ ಮನೆಯಲ್ಲಿ ಎರಡೆರಡು ಸಲ ಸಾರು ಹಾಕಿಸಿಕೊಂಡು ಉಂಡುಬಂದ ನನಗೆ ನಗು ಬಂತು. ಗೇಲಿಕ್ ಭಾಷೆಯಲ್ಲಿ ಆ ಹೆಸರಿಗೆ ‘ಕಚ್ಚು ಕಚ್ಚಾದ ಏಣು’ ಎಂಬ ಅರ್ಥವಿದೆಯೆಂದು ಅವನು ಮೊದಲೇ ಹೇಳಿದ್ದರೆ, ಪ್ಯಾಂಟನ್ನಾದರೂ ದಪ್ಪ ಬಟ್ಟೆಯದನ್ನು ಹಾಕಿಕೊಂಡು ಹೋಗುತ್ತಿದ್ದೆ.

ಪೂರ್ವದ ತುದಿಯಲ್ಲಿ 943 ಮೀಟರಿನ ಆಮ್ ಬೋಡಖ್ ಇದೆ, ಹಾಗೆಂದರೆ ಮುದುಕಪ್ಪ. ಅಲ್ಲಿಯವರೆಗಿನದು ಬರಿಯ ಏದುಸಿರಿನ ವ್ಯವಹಾರ. ಮುದುಕಪ್ಪನ ಬೆನ್ನಿನಿಂದ ಆಚೆಗೆ ಇಳಿಯುವಲ್ಲಿ ಮಾತ್ರ ದಾರಿಯೆಂಬುದು ಬಂಡೆಯಾಗಿ ಕೆಳಗೆ ಬೀಳುತ್ತದೆ. ಇಲ್ಲಿಯವರು ಸ್ಕ್ರ್ಯಾಂಬ್ಲಿಂಗ್ ಎನ್ನುವುದು ನಡಿಗೆಯೂ ಅಲ್ಲದ, ಹಗ್ಗ ಕಟ್ಟಿ ಹತ್ತುವುದೂ ಅಲ್ಲದ, ಕೈಕಾಲು ನಾಲ್ಕನ್ನೂ ಊರಿ ಸಾಗುವ ವಿದ್ಯೆ. ನಾನು ಐದನೆಯ ಅಂಗವೊಂದನ್ನೂ ಊರಿದೆ. “ಬಂಡೆಗೆ ಮುಖ ಮಾಡಿ ಇಳಿ ಮಾರಾಯ!” ಎಂದು ಗೆಳೆಯ ಕೂಗುತ್ತಿದ್ದರೂ, ಕಾಣದ ಕಡೆ ಕಾಲಿಡುವ ಧೈರ್ಯ ಸಾಲದೆ, ಕಣಿವೆಗೆ ಮುಖ ಮಾಡಿ ಕುಳಿತು, ಜಾರುಬಂಡೆಯ ಮೇಲಿನ ಮಗುವಿನಂತೆ ಜಾರಿದೆ. ಸುಮಾರು 42 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿ ಉಗುಳಿದ ಬಂಡೆಯದು. ಅಷ್ಟು ವಯಸ್ಸಾದ ಮೇಲಾದರೂ ನುಣುಪಾಗಿರಬೇಕಿತ್ತು. ಪರ್ರನೆ ಸದ್ದಾಯಿತು, ಸ್ಕಾಟ್ಲೆಂಡಿನ ಗಾಳಿ ಎಷ್ಟು ತಣ್ಣಗಿರುತ್ತದೆ ಎಂಬುದು ಹೊಸದೊಂದು ದಿಕ್ಕಿನಿಂದ ತಿಳಿಯಿತು.

ಈ ಏಣಿನ ವಿಶೇಷವೆಂದರೆ, ಒಮ್ಮೆ ಹೊಕ್ಕ ಮೇಲೆ ಇನ್ನೊಂದು ತುದಿಯ ಶಿಖರಗಳನ್ನು ಮುಟ್ಟುವ ತನಕ ಕಣಿವೆಯ ಬದಿಗೆ ಇಳಿಯಲು ಕ್ಷೇಮವಾದ ದಾರಿಯಿಲ್ಲ. ಮಳೆಕೋಟನ್ನು ಸೊಂಟಕ್ಕೆ ಕಟ್ಟಿಕೊಂಡು ಮುನ್ನಡೆದೆ. ಮುಂದಿನ ಶಿಖರ ಮ್ಯಾಲ್ ಜೆರಗ್‌ನಲ್ಲಿ, 1901ರಲ್ಲಿ ರಾಬರ್ಟ್‌ಸನ್ ಎಂಬ ಪಾದ್ರಿ ತಮ್ಮ ಮನ್ರೋ ಶಿಖರಗಳ (ಸ್ಕಾಟ್ಲೆಂಡಿನ ಮೂರು ಸಾವಿರ ಅಡಿ ಮೀರಿದ ಬೆಟ್ಟಗಳ) ಪಟ್ಟಿಯನ್ನು ಹತ್ತಿ ಮುಗಿಸಿದ ಸಂತೋಷಕ್ಕೆ ಮೊದಲು ಕಲ್ಲುಗುಪ್ಪೆಗೆ, ಆಮೇಲೆ ಹೆಂಡತಿಗೆ ಮುತ್ತಿಟ್ಟರೆಂಬ ಕಥೆ ಪ್ರಸಿದ್ಧ. ಕಲ್ಲುಗುಪ್ಪೆಗೆ ಮುತ್ತಿಡಲು ಬಗ್ಗಬೇಕಲ್ಲ, ನಾನು ದೂರದಿಂದಲೇ ಕೈಮುಗಿದೆ.

ಕ್ರೇಜಿ ಪಿನ್ನಕಲ್ಸ್ ಎಂಬ ಚೂಪು ಗೋಪುರಗಳ ಸಾಲು ಆರಂಭವಾಗುವುದಕ್ಕೂ ಮಳೆ ಹನಿಯುವುದಕ್ಕೂ ಸರಿಹೋಯಿತು. ಕೋಟನ್ನು ಮೇಲೆ ಹಾಕಿಕೊಂಡರೆ ಮಾನ ಹೋಗುತ್ತದೆ, ಸೊಂಟದಲ್ಲೇ ಬಿಟ್ಟರೆ ಬೆನ್ನು ನೆನೆಯುತ್ತದೆ. ಎರಡು ಬದಿಗೂ ಪ್ರಪಾತ, ಕೆಳಗೆ ಎ82 ಹೆದ್ದಾರಿಯಲ್ಲಿ ಸಾಲಿರುವೆಗಳಂತೆ ಕಾರುಗಳು, ಒದ್ದೆ ಬಂಡೆಯ ಬಿರುಕಿನಲ್ಲಿ ನನ್ನ ನಾಲ್ಕು ಬೆರಳು. ಅಂಥ ಹೊತ್ತಿನಲ್ಲೂ ನಾನು ಚಿಂತಿಸುತ್ತಿದ್ದದ್ದು ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು. ಬರುತ್ತಿದ್ದರು. ಎಪ್ಪತ್ತರ ಆಸುಪಾಸಿನ ಗಂಡಹೆಂಡತಿ, ಮನೆಯ ಮೆಟ್ಟಿಲಿಳಿಯುವಷ್ಟು ಸಲೀಸಾಗಿ ಬಂದು, ದಾರಿ ಬಿಡುವಂತೆ ಕೇಳಿದರು. ಬಂಡೆಗೆ ಬೆನ್ನು ಅಂಟಿಸಿ ನಿಂತೆ. “ಗಾಳಿ ಸ್ವಲ್ಪ ಜೋರು, ಅಲ್ಲವೇ?” ಎಂದು ಆಕೆ ಕೇಳಿದಾಗ ಹೌದೆಂದೆ, ಅದರಲ್ಲಿ ನನ್ನಷ್ಟು ಅಧಿಕಾರದಿಂದ ಮಾತನಾಡಬಲ್ಲವರು ಆ ದಿನ ಇನ್ನೊಬ್ಬರಿರಲಿಲ್ಲ.

ಕೊನೆಯ ಶಿಖರ, ಅಲ್ಲಿಂದ ಮೊಣಕಾಲು ಕಳಚುವಂಥ ಕಲ್ಲುರಾಶಿಯ ಇಳಿಜಾರು, ಹೇಗೋ ಕಳೆದವು. ಕಾರು ಇನ್ನೊಂದು ತುದಿಯಲ್ಲಿತ್ತು. ಅದನ್ನು ತರಲು ಗೆಳೆಯನನ್ನು ಕಳಿಸಿ, ಕಣಿವೆಯ ಹೋಟೆಲೊಂದರಲ್ಲಿ ಗೋಡೆಗೆ ಒರಗಿ ನಿಂತೇ ಸೂಪು ಕುಡಿಯುತ್ತಿದ್ದೆ. ಮೂಲೆಯ ಮೇಜಿನಿಂದ ಆ ಅಜ್ಜಿ ಎದ್ದು ಬಂದರು. ಪ್ರಥಮಚಿಕಿತ್ಸೆಯ ಪೆಟ್ಟಿಗೆ ತೆರೆದು, ನಮ್ಮಮ್ಮ ತಾಳಿ ಸರಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಂಥವೇ ಎರಡು ಪಿನ್ನುಗಳನ್ನು ನನ್ನ ಸೂಪಿನ ಬಟ್ಟಲಿನ ಪಕ್ಕದಲ್ಲಿಟ್ಟು, ಏನೂ ಹೇಳದೆ ಹಿಂತಿರುಗಿದರು.